ಪಂಪ್ ಹೋಗಿದೆ ಎಂದ ಮಾತು

ನಾನು ಶಾಲೆ ಬಿಟ್ಟಿದ್ದು ಏಳನೇ ತರಗತಿಯಲ್ಲಿ. ಯಾರೂ ಬಿಡಿಸಲಿಲ್ಲ, ನಾನೇ ಬಿಟ್ಟೆ. ಚಳ್ಳಕೆರೆಯಲ್ಲಿ ಶಾಲೆಗೆ ಹೋಗುವ ದಾರಿಯ ಮೇಲೆ ಒಂದು ಲಾರಿ ಗ್ಯಾರೇಜಿತ್ತು. ಟಿಪ್ಪರ್ ಲಾರಿಯ ತೊಟ್ಟಿ ಅಷ್ಟೊಂದು ಮಣ್ಣು ಹೊತ್ತುಕೊಂಡು ಮೆಲ್ಲಗೆ ಮೇಲೇಳುವುದನ್ನು ದಿನಾ ನಿಂತು ನೋಡುತ್ತಿದ್ದೆ. ಬರೀ ಎಣ್ಣೆ ಇಷ್ಟು ಭಾರ ಹೇಗೆ ಎತ್ತುತ್ತದೆ ಎಂಬುದು ತಲೆಯಲ್ಲಿ ಕೂತುಬಿಟ್ಟಿತು. ಒಂದು ದಿನ ಅಲ್ಲಿಂದ ಮುಂದಕ್ಕೆ ಹೋಗಲೇ ಇಲ್ಲ. ಅವ್ವ ಎರಡು ದಿನ ಮಾತು ಬಿಟ್ಟಳು. ಮೂರನೆಯ ದಿನ ನನ್ನ ಅಂಗಿ ಒಗೆಯುತ್ತಾ, "ಎಣ್ಣೆ ಮಿಲ್ಲಿಗೆ ಹೋಗೋರ ಅಂಗೀನೂ ಇಷ್ಟು ಹೊಲಸಾಗಲ್ಲ ಕಣೋ" ಎಂದಳು. ಒಪ್ಪಿಕೊಂಡಳು ಎಂದು ನಾನು ತಿಳಿದುಕೊಂಡೆ.

ಈಗ ನನ್ನದೇ ಶೆಡ್ಡು ಇದೆ. ಲೋಡರು, ಟಿಪ್ಪರು, ಬೋರ್ ಕೊರೆಯುವ ಲಾರಿ, ಯಾವುದರಲ್ಲಿ ಹೈಡ್ರಾಲಿಕ್ ಬಲ ಕುಂದಿದರೂ ಹಿರಿಯೂರಿನಿಂದ ಹಿಡಿದು ಗಡಿಯಾಚೆ ರಾಯದುರ್ಗದವರೆಗೆ ಜನ ನನ್ನನ್ನೇ ಕರೆಯುತ್ತಾರೆ. ಕಂಪನಿಯವರ ಇಂಗ್ಲಿಷ್ ಪುಸ್ತಕ ನನಗೆ ಓದಲು ಬರುವುದಿಲ್ಲ. ಅದರಲ್ಲಿರುವ ಎಣ್ಣೆದಾರಿಯ ನಕ್ಷೆಯನ್ನು ಮಾತ್ರ ಬೆರಳಿಟ್ಟುಕೊಂಡು ಕೊನೆಯವರೆಗೂ ಓದುತ್ತೇನೆ. ಹೇಳಿಕೊಳ್ಳಲು ನನಗೆ ನಾಚಿಕೆಯಿಲ್ಲ. ದುಡಿದು ಕಲಿತದ್ದು, ಕದ್ದು ತಂದದ್ದಲ್ಲ.

ಅಂಥ ನಾನು ಹೋದ ವರ್ಷ ಒಂದು ಮಾತು ತಪ್ಪು ಹೇಳಿದೆ. ಆ ಒಂದು ಮಾತಿನಿಂದ ಒಬ್ಬ ಹೆಣ್ಣುಮಗಳ ಕೈಯಿಂದ ಅವಳ ಮಿಷನ್ನೇ ಹೋಗುವುದರಲ್ಲಿತ್ತು.

ಶೇಂಗಾ ಕಿತ್ತು ಮುಗಿದಿದ್ದ ದಿನಗಳು. ಒಂದು ಸೋಮವಾರ ಬೆಳಿಗ್ಗೆ ಫೋನ್ ಬಂತು. ಮಾಡಿದವರು ಚಳ್ಳಕೆರೆಯ ಹಳೆಯ ಎಣ್ಣೆ ಮಿಲ್ಲಿನ ಯಜಮಾನರು. ಎಪ್ಪತ್ತರ ಹತ್ತಿರದ ವಯಸ್ಸು, ಹಣೆಯ ಮೇಲೆ ವಿಭೂತಿ, ಬಿಳಿ ಅಂಗಿಯ ಮೇಲೆ ಒಂದು ಕಲೆ ಇಲ್ಲ. ನಲವತ್ತು ವರ್ಷ ಶೇಂಗಾ ಎಣ್ಣೆ ತೆಗೆದು, ವಯಸ್ಸಾಯಿತೆಂದು ಮಿಲ್ಲು ನಿಲ್ಲಿಸಿದ್ದರು. ಗಾಣದ ಯಂತ್ರಗಳನ್ನೆಲ್ಲ ಮಾರಿ ಒಂದು ಹಳೆಯ ಲೋಡರು ತಂದಿದ್ದರು. ತಂದದ್ದು ಮಗಳಿಗಾಗಿ. ಆಕೆಯನ್ನು ಮೊಳಕಾಲ್ಮೂರಿಗೆ ಕೊಟ್ಟಿತ್ತು. ಗಂಡ ಮನೆಯಲ್ಲೇ ಮಗ್ಗ ಹಾಕಿಕೊಂಡು ರೇಷ್ಮೆ ಸೀರೆ ನೇಯುತ್ತಾನೆ. ಈಕೆಗೆ ಮನೆಯೊಳಗೆ ಕೂತು ನೂಲು ಸುತ್ತುವುದು ಆಗಿಬರಲಿಲ್ಲ. ಮದುವೆಗೆ ಮುಂಚೆಯೇ ಮಿಲ್ಲಿನ ಟ್ರ್ಯಾಕ್ಟರು ಓಡಿಸುತ್ತಿದ್ದವಳು. ಲೋಡರು ಬಂದ ಮೇಲೆ ಕೊಂಡ್ಲಹಳ್ಳಿಯಾಚೆಯ ಇಳಿಜಾರಿನಲ್ಲಿ ಸೋಲಾರ್ ಹಲಗೆ ನಿಲ್ಲಿಸಿರುವ ಬಯಲಿನಲ್ಲಿ ಕೆಲಸ ಹಿಡಿದಿದ್ದಳು. ಬಸ್ಸಿನಲ್ಲಿ ಬರುವುದು, ದಿನವಿಡೀ ಮಣ್ಣು ಸಮ ಮಾಡುವುದು, ಬಸ್ಸಿನಲ್ಲಿ ಹೋಗುವುದು. ಅಲ್ಲಿಯ ಕಾವಲಿನವರು ಆಕೆಗೆ ಲೋಡ್ರಕ್ಕ ಎಂದೇ ಹೆಸರಿಟ್ಟಿದ್ದರು.

ಆ ಮಿಷನ್ನಿನ ಬಗ್ಗೆ ಒಂದು ಮಾತು ಹೇಳಬೇಕು. ಅದು ಆಳೆತ್ತರದ ಚಿಕ್ಕ ಲೋಡರು. ಟೈರಿನ ಬದಲು ಎರಡು ಕಡೆ ಅಗಲವಾದ ರಬ್ಬರ್ ಪಟ್ಟಿ ತಿರುಗುತ್ತದೆ. ಮುಂದಕ್ಕೆ ಎರಡು ತೋಳು, ತೋಳಿನ ತುದಿಗೆ ಬಕೆಟ್ಟು. ನಮ್ಮ ಕಡೆ ಅದಕ್ಕೆ ಚೈನ್ ಲೋಡರು ಎನ್ನುತ್ತಾರೆ, ಅದರಲ್ಲಿ ಚೈನು ಇರದಿದ್ದರೂ. ಸೋಲಾರ್ ಹಲಗೆಗಳ ಎರಡು ಸಾಲಿನ ನಡುವೆ ದೊಡ್ಡ ಮಿಷನ್ನು ತೂರುವುದಿಲ್ಲ, ಇದು ತೂರುತ್ತದೆ. ತೋಳು ಎತ್ತುವುದು, ಬಕೆಟ್ಟು ಮಗುಚುವುದು, ಪಟ್ಟಿ ತಿರುಗಿಸುವುದು, ಎಲ್ಲವೂ ಎಣ್ಣೆಯ ಬಲದಿಂದಲೇ. ಇಂಜಿನ್ನು ಪಂಪನ್ನು ತಿರುಗಿಸುತ್ತದೆ, ಪಂಪು ಟ್ಯಾಂಕಿನಿಂದ ಎಣ್ಣೆ ಎಳೆದು ಒತ್ತಿ ಕಳಿಸುತ್ತದೆ. ಆ ಬಲ ಕುಂದಿದರೆ ಇಂಜಿನ್ನು ಎಷ್ಟು ಕೂಗಿದರೂ ಮಿಷನ್ನು ನಿಂತಲ್ಲೇ ನಿಲ್ಲುತ್ತದೆ.

ನಾನು ಹೋದಾಗ ಅಪ್ಪ, ಮಗಳು ಇಬ್ಬರೂ ಬಯಲಿನಲ್ಲಿ ನಿಂತಿದ್ದರು.

"ಬರ್ರಿ ಮೇಸ್ತ್ರಿ" ಎಂದರು ಯಜಮಾನರು. "ನೋಡ್ರಿ ಇದನ್ನ. ಬೆಳಿಗ್ಗೆ ಗೂಳಿ ಇದ್ದಂಗಿರ್ತೈತೆ, ಅರ್ಧ ಗಂಟೆಗೆ ಮುದಿ ಎತ್ತು."

"ಮುದಿ ಎತ್ತು ಅಳಲ್ಲಪ್ಪ, ಇದು ಅಳ್ತೈತೆ" ಎಂದಳು ಮಗಳು.

ಓಡಿಸಿ ತೋರಿಸು ಎಂದೆ. ಮೊದಲು ಬಕೆಟ್ ತುಂಬ ಗರಸು ಮಣ್ಣು ಹೊತ್ತು ಸಲೀಸಾಗಿ ಓಡಾಡಿತು. ಅರ್ಧ ಗಂಟೆಯಾಗುತ್ತಿದ್ದಂತೆ ಪಂಪಿನ ಕಡೆಯಿಂದ ಸಣ್ಣಗೆ ಕುಂಯ್ ಎನ್ನುವ ಸದ್ದು ಹೊರಟಿತು. ನೋಡನೋಡುತ್ತಾ ಸದ್ದು ದೊಡ್ಡದಾಯಿತು, ತೋಳು ಅರ್ಧಕ್ಕೆ ನಿಂತಿತು, ಪಟ್ಟಿಯೂ ಇಳಿಜಾರು ಹತ್ತಲಾರದೆ ಒದ್ದಾಡಿತು.

ಆ ಲಾರಿ ಗ್ಯಾರೇಜಿನಲ್ಲಿ ನನ್ನ ಉಸ್ತಾದರು ಕಲಿಸಿದ ಮೊದಲ ಪಾಠ ಇದು: ಒಂದು ಕಡೆ ಮಾತ್ರ ಬಲ ಕಡಿಮೆಯಾದರೆ ಆ ಕಡೆಯ ಸಿಲಿಂಡರು, ವಾಲ್ವು ನೋಡಬೇಕು. ಎಲ್ಲಾ ಕಡೆ ಒಟ್ಟಿಗೆ ಕಡಿಮೆಯಾದರೆ ಪಂಪು ನೋಡಬೇಕು, ಇಲ್ಲವೇ ಪಂಪಿಗೆ ಎಣ್ಣೆ ಬರುವ ದಾರಿ ನೋಡಬೇಕು. ಇಲ್ಲಿ ಎಲ್ಲವೂ ಒಟ್ಟಿಗೆ ಸೊರಗಿತ್ತು. ನಾನು ಒತ್ತಡ ಅಳೆಯುವ ಮೀಟರು ಸಿಕ್ಕಿಸಿದೆ. ತಣ್ಣಗಿದ್ದಾಗ ಸರಿಯಾಗಿ ನಿಂತಿದ್ದ ಮುಳ್ಳು ಎಣ್ಣೆ ಬಿಸಿಯಾದ ಮೇಲೆ ಅರ್ಧಕ್ಕೂ ಕೆಳಗೆ ಬಂದು ನಡುಗುತ್ತಿತ್ತು. ಇನ್ನು ಉಳಿದದ್ದು ಎಣ್ಣೆ ಬರುವ ದಾರಿ. ಫಿಲ್ಟರು ಬಿಚ್ಚಿದೆ, ಹೊಸದರಂತಿತ್ತು. ಟ್ಯಾಂಕಿನ ಪಕ್ಕದ ಗಾಜಿನಲ್ಲಿ ನೋಡಿದೆ. ಹಳೆಯ ಮಿಷನ್ನುಗಳಲ್ಲಿ ಎಣ್ಣೆ ಕಾಫಿಯ ಬಣ್ಣಕ್ಕೆ ತಿರುಗಿರುತ್ತದೆ. ಇದು ಜೇನಿನಂತೆ ಹೊಳೆಯುತ್ತಿತ್ತು.

"ಎಣ್ಣೆ ಬಗ್ಗೆ ನೀವು ಮಾತಾಡಂಗಿಲ್ಲ" ಎಂದು ಯಜಮಾನರು ನಕ್ಕರು. "ನಲವತ್ತು ವರ್ಷ ಸೋಸಿದ ಕೈ ಇದು. ನನ್ನ ಕೈ ದಾಟಿದ ಎಣ್ಣೇಲಿ ಒಂದು ಕಣ ಮಡ್ಡಿ ತೋರಿಸ್ರಿ ನೋಡಾನ."

ತೋರಿಸಲು ಇರಲಿಲ್ಲ. ಅಷ್ಟು ಚೊಕ್ಕ ಎಣ್ಣೆ ಇರುವ ಟ್ಯಾಂಕಿನಲ್ಲಿ ಅಡಚಣೆ ಎಲ್ಲಿಂದ ಬರಬೇಕು? ನಾನು ಟ್ಯಾಂಕು ಬಿಚ್ಚಲೇ ಇಲ್ಲ. ಎಣ್ಣೆ ಬಿಸಿಯಾಗಿ ತೆಳ್ಳಗಾದಾಗ ಸವೆದ ಪಂಪು ಹಿಡಿತ ಬಿಡುತ್ತದೆ. ಇಂಥವನ್ನು ನೂರಾರು ನೋಡಿದ್ದೇನೆ. ಕೈ ಒರೆಸಿಕೊಂಡು ಹೇಳಿಬಿಟ್ಟೆ.

"ಪಂಪ್ ಹೋಗೈತೆ ಯಜಮಾನ್ರೇ."

ಮಗಳು ಮಿಷನ್ನಿನಿಂದ ಇಳಿದು ಬಂದಳು. "ಅಣ್ಣಾ, ಒಂದ್ ಮಾತು. ಅಳಕ್ ಶುರು ಮಾಡಿದ್ ತಕ್ಷಣ ಹತ್ತು ನಿಮಿಷ ಆಫ್ ಮಾಡಿಟ್ರೆ ಮತ್ತೆ ಸರಿ ಹೋಗ್ತೈತೆ."

"ತಣ್ಣಗಾಗ್ತೈತಲ್ಲಮ್ಮ, ಅದಕ್ಕೆ."

"ತಣ್ಣಗೆಲ್ಲಿ ಆಗ್ತೈತಣ್ಣಾ, ಹತ್ತೇ ನಿಮಿಷ..."

"ಓಡ್ಸೋದು ನಿನ್ನ ಕೆಲ್ಸ, ರೋಗ ಹುಡುಕೋದು ನನ್ನ ಕೆಲ್ಸ ತಂಗಿ" ಎಂದೆ. ಸಿಟ್ಟಿನಿಂದ ಹೇಳಿದ್ದಲ್ಲ, ನಗುತ್ತಲೇ ಹೇಳಿದ್ದು. ಆಕೆ ಬಾಯಿ ಮುಚ್ಚಿಕೊಂಡಳು.

ಹೊಸ ಪಂಪು ಎಷ್ಟು ದಿನಕ್ಕೆ ಸಿಗುತ್ತದೆ ಎಂದು ಯಜಮಾನರು ಕೇಳಿದರು. ಆ ಮಾದರಿಯದು ಇಲ್ಲಿ ಸಿಗುವುದಿಲ್ಲ, ಹೊರದೇಶದಿಂದ ಹಡಗಿನಲ್ಲಿ ಬರಬೇಕು, ಎರಡು ತಿಂಗಳಾದರೂ ಬೇಕು ಎಂದೆ. ಬಯಲಿನ ಸೂಪರ್‌ವೈಸರು ಆಗಲೇ ಒಂದು ಗಡುವು ಹಾಕಿದ್ದ. ಶನಿವಾರದೊಳಗೆ ಉಳಿದ ಸಾಲುಗಳು ಸಮವಾಗದಿದ್ದರೆ ಅನಂತಪುರದಿಂದ ಬೇರೆ ಮಿಷನ್ನು ತರಿಸುತ್ತಾನಂತೆ. ಯಜಮಾನರು, "ಹಂಗಾದ್ರೆ ಕೊಟ್ಟುಬಿಡಾನ" ಎಂದರು. "ರಾಯದುರ್ಗದೋನೊಬ್ಬ ಈ ಮಿಷನ್ ಮೇಲೆ ಕಣ್ಣಿಟ್ಟವ್ನೆ. ಶುಕ್ರವಾರ ಬಾರಪ್ಪ ಅಂತೀನಿ. ಪಂಪ್ ಹೋಗೈತೆ ಅಂತ ಹೇಳೇ ಕೊಡ್ತೀನಿ, ಮುಚ್ಚಿಡಲ್ಲ."

ಮಗಳು ಅವರ ಮುಖವನ್ನೂ ನೋಡಲಿಲ್ಲ, ನನ್ನ ಮುಖವನ್ನೂ ನೋಡಲಿಲ್ಲ. "ಆಯ್ತು ಬಿಡಪ್ಪ, ಮತ್ತೆ ನೂಲು ಸುತ್ತೋದೇ ತಾನೆ" ಎಂದು ಮತ್ತೆ ಮಿಷನ್ ಹತ್ತಿದಳು.

ಮಂಗಳವಾರ ಶೆಡ್ಡಿನ ಕೆಲಸದಲ್ಲಿ ಈ ವಿಷಯ ಮರೆತೇ ಹೋಯಿತು. ನಿಜ ಹೇಳಬೇಕೆಂದರೆ ಮರೆತದ್ದಲ್ಲ, ಅದರಲ್ಲಿ ನೆನೆಯುವಂಥದ್ದೇನೂ ನನಗೆ ಕಂಡಿರಲಿಲ್ಲ. ಪಂಪು ಸವೆಯುವುದು, ಮಿಷನ್ನು ಕೈ ಬದಲಾಗುವುದು ನನಗೆ ದಿನದ ಮಾತು.

ಬುಧವಾರ ಮೊಳಕಾಲ್ಮೂರಿನಲ್ಲಿ ಒಂದು ಬೋರ್‌ವೆಲ್ ಲಾರಿಯ ಪೈಪು ಒಡೆದಿತ್ತು. ಬೈಕಿನಲ್ಲಿ ಹೊರಟವನಿಗೆ ಕೊಂಡ್ಲಹಳ್ಳಿ ದಾಟಿದ ಮೇಲೆ ದೂರದಲ್ಲಿ ಹಲಗೆಗಳ ನಡುವೆ ಹಳದಿ ಬಣ್ಣದ ಲೋಡರು ಓಡಾಡುವುದು ಕಂಡಿತು. ಪಂಪು ಹೋದ ಮಿಷನ್ನಿನಲ್ಲಿ ಇವಳು ಏನು ಮಾಡುತ್ತಿದ್ದಾಳೆ ಎಂದು ಬೈಕು ತಿರುಗಿಸಿದೆ.

ನಾನು ಹತ್ತಿರ ಹೋಗುವ ಹೊತ್ತಿಗೆ ಮಿಷನ್ನು ನಿಂತಿತ್ತು. ಆಕೆ ಹಲಗೆಯ ನೆರಳಿನಲ್ಲಿ ಕೂತು ಬಾಟಲಿಯ ನೀರು ಕುಡಿಯುತ್ತಿದ್ದಳು. ಪಕ್ಕದಲ್ಲಿ ಕಬ್ಬಿಣದ ಕಾಲಿನ ಬುಡಕ್ಕೆ ಸಾಲಾಗಿ ಎಂಟು ಕಲ್ಲು ಜೋಡಿಸಿಟ್ಟಿತ್ತು.

"ಇದೇನಮ್ಮ, ಪೂಜೆನಾ?"

"ಲೆಕ್ಕ ಅಣ್ಣಾ. ಒಂದ್ ಕಲ್ಲು ಅಂದ್ರೆ ಒಂದ್ ಸಲ ಅತ್ತಿದ್ದು. ಅತ್ತಾಗ ಆಫ್ ಮಾಡ್ತೀನಿ, ಹತ್ತು ನಿಮಿಷ ಬಿಟ್ಟು ಹಾಕ್ತೀನಿ. ಬೆಳಿಗ್ಗೆಯಿಂದ ಎಂಟ್ ಸಲ ಆತು. ಶುಕ್ರವಾರದ ತನಕ ನಂದೇ ತಾನೆ ಮಿಷನ್ನು, ಆದಷ್ಟು ಸಾಲು ಮಾಡ್ತೀನಿ."

ನಾನು ಏನೂ ಯೋಚಿಸದೆ, ನಮ್ಮ ಕೈಗೆ ಅಂಟಿದ ಅಭ್ಯಾಸದಂತೆ, ಎಣ್ಣೆ ಟ್ಯಾಂಕಿನ ಮೇಲೆ ಅಂಗೈ ಇಟ್ಟೆ. ಇಟ್ಟ ಕೈಯನ್ನು ಹಾಗೇ ಕಿತ್ತುಕೊಂಡೆ. ಕಾದ ಹೆಂಚಿನಂತಿತ್ತು.

ಆಕೆ ಕಲ್ಲಿನ ಸಾಲು ಹಾಗೇ ಬಿಟ್ಟು ಎದ್ದು, "ಹತ್ತು ನಿಮಿಷ ಆತು" ಎಂದು ಮಿಷನ್ ಹತ್ತಿ ಚಾಲೂ ಮಾಡಿದಳು. ಬಕೆಟ್ಟು ಮಣ್ಣಿನ ಗುಡ್ಡೆಗೆ ನುಗ್ಗಿತು. ತೋಳು ತುಂಬಿದ ಭಾರ ಹೊತ್ತು ಒಂದೇ ಉಸಿರಿಗೆ ತಲೆಯ ಮಟ್ಟಕ್ಕೆ ಎದ್ದಿತು. ಸದ್ದಿಲ್ಲ, ನಡುಕವಿಲ್ಲ.

ಪಂಪು ಸವೆದಿದ್ದರೆ ಅದಕ್ಕೆ ಗೊತ್ತಾಗುವುದು ಎಣ್ಣೆಯ ಬಿಸಿ ಒಂದೇ. ಬಿಸಿ ಹಾಗೇ ಇರುವಾಗ ಬಲ ವಾಪಸು ಬರಬಾರದು. ಇಲ್ಲಿ ಟ್ಯಾಂಕು ಮುಟ್ಟಲಾರದಷ್ಟು ಕಾದಿದೆ, ಬಲ ಪೂರ್ತಿ ಬಂದಿದೆ. ಅಂದರೆ ಹತ್ತು ನಿಮಿಷದಲ್ಲಿ ಬದಲಾದದ್ದು ಬಿಸಿಯಲ್ಲ, ಬೇರೆ ಏನೋ. ಪಂಪು ಎಳೆಯುತ್ತಿರುವಾಗ ಬಂದು ದಾರಿ ಮುಚ್ಚುವಂಥದ್ದು, ಎಳೆಯುವುದು ನಿಂತಾಗ ದೂರ ಸರಿಯುವಂಥದ್ದು.

ಮೊಳಕಾಲ್ಮೂರಿನಲ್ಲಿ ಬೋರ್‌ವೆಲ್ ಲಾರಿಯವರು ಕಾಯುತ್ತಿದ್ದರು. ನಾನು ಬೈಕು ಹತ್ತಿ ಹೋಗಿಬಿಟ್ಟಿದ್ದರೆ ಯಾರಿಗೂ ಏನೂ ತಿಳಿಯುತ್ತಿರಲಿಲ್ಲ. ಮಿಷನ್ನು ಗಡಿ ದಾಟಿ ಹೋಗುತ್ತಿತ್ತು, ನನ್ನ ಮಾತು ಸರಿಯೆಂದೇ ಉಳಿಯುತ್ತಿತ್ತು. ಆ ಯೋಚನೆ ಬರಲಿಲ್ಲ ಎಂದರೆ ಸುಳ್ಳಾಗುತ್ತದೆ. ಬಂತು. ಬೈಕಿನ ಕೀಲಿಯೂ ಕೈಯಲ್ಲೇ ಇತ್ತು. ಆದರೆ ಶಾಲೆ ಇಲ್ಲದವನಿಗೆ ಇರುವ ಒಂದೇ ಹೆಸರು ಮಾಡುವ ಕೆಲಸದ್ದು. ಅದನ್ನು ಸುಳ್ಳಿನ ಮೇಲೆ ನಿಲ್ಲಿಸಿಕೊಂಡು ನಾಳೆ ಯಾವ ಮಿಷನ್ನಿನ ಮುಂದೆ ನಿಲ್ಲಲಿ? ಲಾರಿಯವರಿಗೆ ಫೋನ್ ಮಾಡಿ ಸಾಯಂಕಾಲ ಬರುತ್ತೇನೆ ಎಂದೆ. ಆಕೆಯ ಕಡೆ ಕೈ ಬೀಸಿ ಮಿಷನ್ನು ನಿಲ್ಲಿಸಿದೆ.

"ತಂಗಿ, ಸೋಮವಾರ ನೀನು ಏನೋ ಹೇಳಕ್ ಬಂದೆ. ಪೂರ್ತಿ ಹೇಳು."

ಆಕೆ ಬಾಗಿಲ ಸರಳು ಹಿಡಿದು ನನ್ನನ್ನೇ ನೋಡಿದಳು. "ಈಗ ಕೇಳ್ತೀರಾ?"

"ಈಗ ಕೇಳ್ತೀನಿ."

"ಎಣ್ಣೆ ಬಿಸೀನೇ ಇರ್ತೈತೆ, ಆದ್ರೂ ಸರಿ ಹೋಗ್ತೈತೆ ಅಂತ ಹೇಳಕ್ ಬಂದೆ. ಇನ್ನೊಂದು, ಮೇಲಕ್ಕೆ ಹತ್ತೋವಾಗ ಬೇಗ ಅಳ್ತೈತೆ, ಇಳಿಯೋವಾಗ ತಡ. ಮೊದ್ಲು ಒಂದು ಗಂಟೆ ತಡೀತಿತ್ತು, ಈಗ ಅರ್ಧ ಗಂಟೆ. ಇದು ಶುರುವಾಗಿ ಎರಡು ತಿಂಗ್ಳಾತು. ಇಷ್ಟೇ ಅಣ್ಣಾ."

ಇಷ್ಟೇ ಎಂದಳು. ಮಿಷನ್ ಬಿಚ್ಚುವವನಿಗೆ ಇದಕ್ಕಿಂತ ಹೆಚ್ಚು ಇನ್ನೇನು ಬೇಕು? ಮೀಟರು ನನಗೆ ಒಂದು ಗಂಟೆಯ ಕಥೆ ಹೇಳಿತ್ತು. ಎರಡು ತಿಂಗಳ ಕಥೆ ಇವಳ ಹತ್ತಿರ ಇತ್ತು, ನಾನು ಬಾಯಿ ಮುಚ್ಚಿಸಿದ್ದೆ.

ಅಲ್ಲೇ ಎರಡು ಪರೀಕ್ಷೆ ಮಾಡಿದೆ. ಅದು ಅಳುವ ಹೊತ್ತಿಗೆ ಟ್ಯಾಂಕಿನಿಂದ ಪಂಪಿಗೆ ಹೋಗುವ ಪೈಪಿನ ಸಂದುಗಳಿಗೆ ಗ್ರೀಸು ಬಳಿದೆ. ಅಲ್ಲಿ ಗಾಳಿ ಎಳೆಯುತ್ತಿದ್ದರೆ ಗ್ರೀಸು ಮುಚ್ಚಿ ಸದ್ದು ಬದಲಾಗಬೇಕು. ಬದಲಾಗಲಿಲ್ಲ. ಟ್ಯಾಂಕಿನ ಮುಚ್ಚಳ ಸಡಿಲಿಸಿದೆ, ಒಳಗೆ ಗಾಳಿ ಹೋಗದೆ ಹೀಗಾಗಿದೆಯೇ ನೋಡಲು. ಅದೂ ಅಲ್ಲ. ಉಳಿದದ್ದು ಟ್ಯಾಂಕಿನ ಹೊಟ್ಟೆ.

ಕಾದ ಎಣ್ಣೆಯನ್ನು ಮುಟ್ಟುವ ಹಾಗಿರಲಿಲ್ಲ. ಗುರುವಾರ ಬೆಳಿಗ್ಗೆ ಬಿಸಿಲು ಏರುವ ಮೊದಲೇ ಎರಡು ತೊಳೆದ ಡ್ರಮ್ಮು, ಹೊಸ ಫಿಲ್ಟರು, ಕೈಪಂಪು ಗಾಡಿಗೆ ಹೇರಿಕೊಂಡು ಹೋದೆ. ಆಕೆ ಮೊದಲ ಬಸ್ಸಿಗೇ ಬಂದಿದ್ದಳು. ಎಣ್ಣೆಯನ್ನೆಲ್ಲ ಡ್ರಮ್ಮಿಗೆ ಇಳಿಸಿದೆವು. ಮೇಲಿನ ತಟ್ಟೆಯ ಬೋಲ್ಟು ಬಿಚ್ಚಿ, ಮೊಬೈಲಿನ ಬೆಳಕು ಬಿಟ್ಟು ಒಳಗೆ ನೋಡಿದೆ. ಎಣ್ಣೆ ಹೊರಡುವ ತೂತಿನ ಪಕ್ಕ ಏನೋ ಮಡಚಿಕೊಂಡು ಬಿದ್ದಿತ್ತು. ಭುಜದವರೆಗೆ ತೋಳು ಇಳಿಸಿ ಎಳೆದೆ.

ಒಂದು ಬಟ್ಟೆಯ ಚೀಲ. ಅಂಗೈ ಅಗಲದ್ದು, ದಪ್ಪ ನೂಲಿನದು, ಬಾಯಿಗೆ ಮೂಟೆ ಹೊಲಿಯುವ ಹುರಿ ಕಟ್ಟಿದ್ದು. ಒಂದು ಕಡೆ ಗುಂಡಗೆ, ತಟ್ಟೆಯ ಅಂಚಿನಂತೆ ಗುರುತು ಬಿದ್ದಿತ್ತು. ತೂತಿಗೆ ಅದು ಎಷ್ಟು ಸಲ ಹೋಗಿ ಅಂಟಿಕೊಂಡಿತ್ತೋ ಅಷ್ಟೂ ಸಲದ ಗುರುತು.

"ಇದು ನಮ್ ಮಿಲ್ಲಿನ ಬಟ್ಟೆ" ಎಂದಳು ಆಕೆ ಸಣ್ಣ ದನಿಯಲ್ಲಿ. "ಎಣ್ಣೆ ಸೋಸೋ ಬಟ್ಟೆ."

ನನಗೆ ಆಗ ಎಲ್ಲ ಹೊಳೆಯಿತು. ಟ್ಯಾಂಕಿನ ಬಾಯಿಯಲ್ಲಿ ಇರಬೇಕಾದ ತಂತಿಯ ಜಾಲರಿ ಇರಲಿಲ್ಲ, ಹಳೆಯ ಮಿಷನ್ನುಗಳಲ್ಲಿ ಅದು ಇರುವುದು ಅಪರೂಪ. ಅದಿಲ್ಲದ ಬಾಯಿಗೆ ಯಜಮಾನರು ತಮ್ಮ ಮಿಲ್ಲಿನ ಸೋಸುಬಟ್ಟೆಯಲ್ಲಿ ಚೀಲ ಹೊಲಿಸಿ ಕಟ್ಟಿದ್ದರು, ಮೇಲಿನಿಂದ ಹಾಕುವ ಎಣ್ಣೆ ಸೋಸಿಕೊಂಡೇ ಇಳಿಯಲಿ ಎಂದು. ಶೇಂಗಾ ಎಣ್ಣೆಯ ಡಬ್ಬಕ್ಕೆ ಜೀವಮಾನವೆಲ್ಲ ಮಾಡಿದ ಕೆಲಸ. ಆದರೆ ಡಬ್ಬದ ಎಣ್ಣೆ ನಿಂತಿರುತ್ತದೆ, ಇದು ಕಾದು ಕುದಿದು ಓಡಾಡುತ್ತದೆ. ಹುರಿ ಸಡಿಲಾಗಿ ಚೀಲ ಒಳಗೆ ಜಾರಿತ್ತು, ಏರು ಹತ್ತುವಾಗ ತೂತಿನ ಕಡೆಗೇ ಸರಿಯುತ್ತಿತ್ತು. ಎಣ್ಣೆ ಅಷ್ಟು ಚೊಕ್ಕವಾಗಿದ್ದುದಕ್ಕೂ ಕಾರಣ ಅದೇ, ಪಂಪು ಅತ್ತದ್ದಕ್ಕೂ ಕಾರಣ ಅದೇ. ಚೊಕ್ಕ ಎಣ್ಣೆ ನೋಡಿ ಟ್ಯಾಂಕು ಬಿಚ್ಚದೆ ಎದ್ದುಹೋದವನು ನಾನು.

ಆಕೆ ಮೊದಲು ನಕ್ಕಳು. ನಗು ನಿಲ್ಲಿಸಲಾಗದೆ ಪಟ್ಟಿಯ ಮೇಲೆ ಕೂತಳು. ಆಮೇಲೆ ಸುಮ್ಮನಾಗಿ, "ಅಣ್ಣಾ, ಅಪ್ಪಂಗೆ ಹೇಳ್ಬೇಡ್ರಿ" ಎಂದಳು. "ಏನೋ ಕಸ ಇತ್ತು ಅನ್ರಿ. ನೊಂದ್ಕೊತಾರೆ."

"ಹೇಳ್ದೆ ಇದ್ರೆ ಇನ್ನೊಂದು ಚೀಲ ಹೊಲಿಸಿ ಕಟ್ತಾರಮ್ಮ."

ಆಕೆ ಎದ್ದು ಒರೆಸುವ ಬಟ್ಟೆ ಕೈಗೆತ್ತಿಕೊಂಡಳು.

ಟ್ಯಾಂಕು ಒರೆಸಿ, ಬಾಯಿಗೆ ಸರಿಯಾದ ಜಾಲರಿ ಕೂರಿಸಿ, ಫಿಲ್ಟರು ಹಾಕಿ, ಎಣ್ಣೆಯನ್ನು ಕೈಪಂಪಿನಿಂದ ವಾಪಸು ತುಂಬಿದೆವು. ಪೈಪಿನ ಗಾಳಿ ತೆಗೆದು ಚಾಲೂ ಮಾಡಿಸಿದೆ. ಮೀಟರು ಸಿಕ್ಕಿಸಿ ನೆರಳಿನಲ್ಲಿ ಕೂತೆ. ಅರ್ಧ ಗಂಟೆಯಾಯಿತು. ಆಕೆ ಒಂದೊಂದು ಸುತ್ತಿಗೂ ನನ್ನ ಕಡೆ ನೋಡುತ್ತಿದ್ದಳು, ನಾನು ಮುಳ್ಳಿನ ಕಡೆ ನೋಡುತ್ತಿದ್ದೆ. ಒಂದು ಗಂಟೆಯಾಯಿತು. ಒಂದೂವರೆಯಾಯಿತು. ಟ್ಯಾಂಕು ಕಾದಿತ್ತು, ಮುಳ್ಳು ಮಾತ್ರ ನಿಂತಲ್ಲೇ ನಿಂತಿತ್ತು. ಪಂಪು ಗಟ್ಟಿಮುಟ್ಟಾಗಿತ್ತು. ಅಂಥ ಪಂಪಿಗೆ ನಾನು ತಿಥಿ ಮಾಡಿ ಹೋಗಿದ್ದೆ.

ಸಾಯಂಕಾಲ ಯಜಮಾನರಿಗೆ ಫೋನ್ ಮಾಡಿದೆ. "ನಾಳೆ ಗಿರಾಕೀನ ಮನೆ ಹತ್ರ ಕರೀಬ್ಯಾಡ್ರಿ, ಬಯಲಿಗೇ ಕರ್ಕೊಂಡ್ ಬರ್ರಿ. ನಾನೂ ಇರ್ತೀನಿ" ಎಂದೆ. ಯಾಕೆ ಎಂದು ಕೇಳಿದರು. ಎದುರಿಗೇ ಹೇಳುತ್ತೇನೆ ಎಂದೆ.

ಶುಕ್ರವಾರ ಹತ್ತು ಗಂಟೆಗೆ ಎರಡು ಗಾಡಿ ಬಂದು ಹಲಗೆ ಸಾಲಿನ ನಡುವೆ ನಿಂತವು. ಒಂದರಲ್ಲಿ ಯಜಮಾನರು. ಇನ್ನೊಂದರಲ್ಲಿ ರಾಯದುರ್ಗದ ಗಿರಾಕಿ, ದಾಳಿಂಬೆ ತೋಟದವನು, ಐವತ್ತರ ಗುಂಡು ಮನುಷ್ಯ. ಅರ್ಧ ತೆಲುಗು, ಅರ್ಧ ಕನ್ನಡದಲ್ಲಿ ಮಾತಾಡುತ್ತಿದ್ದ. ಪಕ್ಕದ ಸಾಲಿನಲ್ಲಿ ಲೋಡರು ತುಂಬಿದ ಬಕೆಟ್ಟು ಹೊತ್ತು ಏರು ಹತ್ತುತ್ತಿತ್ತು. ಅವನು ಕಣ್ಣು ಕಿರಿದು ಮಾಡಿ ನೋಡಿದ.

"ಏಮಯ್ಯಾ ಮೇಸ್ತ್ರಿ, ಪಂಪ್ ಹೋದ ಮಿಷನ್ ಇದೇನಾ? ಪಂಪ್ ಹೋಗಿ ಹಿಂಗಿದ್ರೆ, ಇದ್ದಾಗ ಹೆಂಗಿತ್ತಪ್ಪಾ!"

ನಾನು ಯಜಮಾನರ ಕಡೆ ತಿರುಗಿದೆ. ರಾತ್ರಿ ಎಷ್ಟು ಥರ ಜೋಡಿಸಿಕೊಂಡಿದ್ದರೂ ಬಾಯಿಗೆ ಬಂದದ್ದು ಇಷ್ಟೇ. "ಪಂಪ್ ಹೋಗಿಲ್ಲ ಯಜಮಾನ್ರೇ. ಸೋಮವಾರ ನಾ ಹೇಳಿದ್ದು ತಪ್ಪು. ಟ್ಯಾಂಕ್ ಬಿಚ್ಚಿ ನೋಡ್ಬೇಕಿತ್ತು, ನೋಡ್ಲಿಲ್ಲ. ನಿಮ್ ಮಗಳು ಸರಿಯಾಗೇ ಹೇಳಿದ್ಲು, ಕೇಳ್ಲಿಲ್ಲ."

ಮೂವತ್ತು ವರ್ಷದಲ್ಲಿ ಗಿರಾಕಿಗಳ ಮುಂದೆ ಹೀಗೆ ಹೇಳಿದ್ದು ಅದೇ ಮೊದಲು. ಕಿವಿ ಬಿಸಿಯಾಯಿತು. ಆದರೆ ನೆಲ ಬಾಯಿ ಬಿಡಲಿಲ್ಲ, ಯಾರೂ ನಗಲೂ ಇಲ್ಲ.

"ಮತ್ತೆ ಏನಾಗಿತ್ತು?" ಎಂದರು ಯಜಮಾನರು.

ಮಗಳು ಮಿಷನ್ನು ನಿಲ್ಲಿಸಿ ಇಳಿದು ಬಂದಿದ್ದಳು. ಹೇಳಬೇಡಿ ಎಂಬಂತೆ ನನ್ನ ಕಡೆ ನೋಡಿದಳು. ನಾನು ಕಾಗದದಲ್ಲಿ ಸುತ್ತಿಟ್ಟಿದ್ದ ಚೀಲವನ್ನು ಅವರ ಕೈಗೆ ಕೊಟ್ಟೆ. ಅವರು ಅದನ್ನು ಬಿಡಿಸಿ ಎರಡು ಬೆರಳಿನ ನಡುವೆ ಉಜ್ಜಿದರು. ಮೂಗಿನ ಹತ್ತಿರ ಹಿಡಿದರು. ಹುರಿಯ ಗಂಟನ್ನು ತಿರುಗಿಸಿ ತಿರುಗಿಸಿ ನೋಡಿದರು.

"ಗಂಟು ನಂದೇ" ಎಂದರು ಕೊನೆಗೆ.

"ಅಪ್ಪಾ, ಒಳ್ಳೇದಕ್ಕೇ ತಾನೆ ಕಟ್ಟಿದ್ದು..."

"ಸುಮ್ನಿರವ್ವ." ಅವರು ಬಟ್ಟೆಯನ್ನು ಮತ್ತೆ ಕಾಗದದಲ್ಲಿ ಸುತ್ತಿದರು. ಆಮೇಲೆ ನನ್ನ ಕಡೆ ತಲೆ ಎತ್ತಿದರು. "ಆದ್ರೂ ಮೇಸ್ತ್ರಿ, ಎಣ್ಣೆ ಮಾತ್ರ ಚೊಕ್ಕ ಇತ್ತೋ ಇಲ್ವೋ?"

"ನನ್ನ ಜೀವಮಾನದಲ್ಲಿ ಅಷ್ಟು ಚೊಕ್ಕ ಎಣ್ಣೆ ಯಾವ ಮಿಷನ್ನಲ್ಲೂ ನೋಡಿಲ್ಲ ಯಜಮಾನ್ರೇ." ಅದು ಸಮಾಧಾನಕ್ಕೆ ಹೇಳಿದ್ದಲ್ಲ, ನಿಜ.

"ಹಾಂ" ಎಂದರು. ಮುಖ ಅಷ್ಟು ಸಡಿಲಾಯಿತು.

ಈಗ ಗಿರಾಕಿ ಬಾಯಿ ಹಾಕಿದ. "ಎಲ್ಲಾ ಸರಿ. ಇವಾಗ ಮಿಷನ್ ಬಾಗುಂದಿ, ಚೆನ್ನಾಗೈತೆ ಅಂತಾಯ್ತು. ನಾನು ಬಂದಿದೀನಿ, ನೀವು ಮಾತು ಕೊಟ್ಟಿದೀರಿ. ಹೊರಡಾನಾ?"

ಮಗಳ ಕೈ ಲೋಡರಿನ ಸರಳಿನ ಮೇಲೆ ಹಾಗೇ ನಿಂತಿತು. ಯಜಮಾನರು ಮಾತಿಗೆ ತಪ್ಪುವವರಲ್ಲ ಎಂಬುದು ಚಳ್ಳಕೆರೆಯ ಬಜಾರಿಗೆಲ್ಲ ಗೊತ್ತು. ನಾನು ಮಿಷನ್ನು ಸರಿ ಮಾಡಿದ್ದು ಇವನ ತೋಟಕ್ಕೇ ಆಯಿತೇ ಎಂದುಕೊಂಡೆ.

ಯಜಮಾನರು ಅವಸರ ಮಾಡಲಿಲ್ಲ. "ನಾ ನಿಂಗೆ ಏನಂತ ಮಾತು ಕೊಟ್ಟೆ?"

"ಮಿಷನ್ ಕೊಡ್ತೀನಿ ಅಂತ."

"ಸರಿಯಾಗಿ ಹೇಳಪ್ಪಾ. ಪಂಪ್ ಹೋದ ಮಿಷನ್ ಕೊಡ್ತೀನಿ ಅಂದಿದ್ದೆ. ಫೋನಲ್ಲಿ ಎರಡು ಸಲ ಹೇಳಿದ್ದೆ, ಪಂಪ್ ಹೋಗೈತೆ, ಆಮೇಲೆ ಕೇಳ್ಬ್ಯಾಡ ಅಂತ. ಹೌದೋ ಅಲ್ಲೋ?"

"ಹೌದು."

"ಪಂಪ್ ಹೋದ ಮಿಷನ್ ನನ್ನ ಹತ್ರ ಇಲ್ಲ. ಇಲ್ದಿರೋದನ್ನ ಹೆಂಗ್ ಕೊಡ್ಲಿ?"

ಗಿರಾಕಿ ಒಂದು ಗಳಿಗೆ ಅವರ ಮುಖ ನೋಡಿದ. ಆಮೇಲೆ ಹೊಟ್ಟೆ ಕುಣಿಯುವಂತೆ ನಕ್ಕುಬಿಟ್ಟ. "ಅಬ್ಬಬ್ಬಾ, ಎಣ್ಣೆ ಮಿಲ್ಲಿನೋರ ಹತ್ರ ಮಾತಲ್ಲಿ ಗೆಲ್ಲೋದುಂಟಾ! ಸರೇ, ಪರವಾಲೇದು. ಅಕ್ಕಾ, ನೀವೇ ಹೇಳ್ರಿ. ಮಿಷನ್ ಕೊಡದಿದ್ರೆ ಬಿಡ್ರಿ, ಮುಂದಿನ ತಿಂಗ್ಳು ನೀವೇ ಬಂದು ನನ್ನ ತೋಟದ ಬದು ಸಮ ಮಾಡಿ ಕೊಡ್ತೀರಾ? ದೊಡ್ಡ ಮಿಷನ್ ಬಿಟ್ರೆ ಗಿಡ ಉಳಿಯಲ್ಲ."

"ಗಿಡದ ಸಾಲು ಎಷ್ಟು ಅಗಲ ಐತೆ?" ಎಂದು ಆಕೆ ಕೇಳಿದಳು. ಅದು ಕೆಲಸದವರ ಪ್ರಶ್ನೆ.

ಅವನು ಎರಡು ಕೈ ಚಾಚಿ, ಎರಡು ಹೆಜ್ಜೆ ಹಾಕಿ ಅಳತೆ ತೋರಿಸಿದ. ಆಕೆ ಮಿಷನ್ನಿನ ಅಗಲ ನೋಡಿದಳು. "ತೂರ್ತೈತೆ. ಬರ್ತೀನಿ" ಎಂದಳು. ಯಜಮಾನರು ಹೆಗಲ ಮೇಲಿನ ಟವೆಲ್ಲು ತೆಗೆದು ಮುಖ ಒರೆಸಿಕೊಂಡರು, ಒಂದು ಸಲಕ್ಕೆ ಬೇಕಾದದ್ದಕ್ಕಿಂತ ಹೆಚ್ಚು ಹೊತ್ತು.

ಅಲ್ಲಿಂದ ಮಾತು ದಾಳಿಂಬೆಯ ಕಡೆ ಹೋಯಿತು, ಈ ಸಲದ ಶೇಂಗಾದ ಕಡೆ ಹೋಯಿತು, ಹಳೆಯ ಮಿಲ್ಲುಗಳ ಕಡೆ ಬಂತು. ನಾವು ಮೂವರು ಗಂಡಸರು ನೆರಳಿನಲ್ಲಿ ನಿಂತು ಕೈ ಬೀಸಿ ಬೀಸಿ ಮಾತಾಡುತ್ತಿದ್ದೆವು. ಆಕೆ ಯಾವಾಗ ಮಿಷನ್ನು ಹತ್ತಿದಳೋ ನೋಡಲಿಲ್ಲ. ಹಾರನ್ನು ಕೇಳಿ ತಿರುಗಿದರೆ ಲೋಡರು ಬಕೆಟ್ಟು ತಗ್ಗಿಸಿಕೊಂಡು ನಮ್ಮ ಎದುರಿಗೇ ನಿಂತಿತ್ತು.

"ಅಪ್ಪಾ, ಮಾತು ಆಮೇಲೆ. ಇನ್ನ ನಾಲ್ಕು ಸಾಲು ಉಳಿದೈತೆ, ನಾಳೆ ಕೊನೆ ದಿನ. ನಿಮ್ಮ ಗಾಡಿ ನಿಂತಿರೋದೇ ನನ್ನ ಸಾಲಿನ ಮೇಲೆ, ತೆಗೀರಿ!"

ಗಿರಾಕಿ ಜೇಬಿನಲ್ಲಿ ಕೀಲಿ ಹುಡುಕುತ್ತಾ ಓಡಿದ. ಯಜಮಾನರ ಗಾಡಿ ಹಿಂದಕ್ಕೆ ಬರುವಾಗ ಗರಸಿನಲ್ಲಿ ಚಕ್ರ ಹೂತಿತು. ನಾನೂ ಗಿರಾಕಿಯೂ ಸೇರಿ ಮುಂದಿನಿಂದ ಅದನ್ನು ತಳ್ಳುತ್ತಿದ್ದಾಗ ಲೋಡರು ಆಗಲೇ ನಮ್ಮ ಪಕ್ಕದಿಂದ ತೂರಿ ಮುಂದಕ್ಕೆ ಹೋಗುತ್ತಿತ್ತು.